ಸೇತುವೆ ದಾಟಿದ ಹಗಲು

ನಮ್ಮೂರಿನಲ್ಲಿ ಸಂಜೆ ಬೇಗ ಬರತೊಡಗಿದ್ದು ಮೊದಲು ಗೊತ್ತಾದದ್ದು ಹಪ್ಪಳ ಮಾಡುವ ಹೆಂಗಸರಿಗೆ. ಬೆಳಿಗ್ಗೆ ಒತ್ತಿ ಮಾಳಿಗೆಯ ಮೇಲೆ ಚಾಪೆ ತುಂಬ ಹರವಿದ್ದು ಊಟದ ಹೊತ್ತಿಗೆ ಒಂದು ಮಗ್ಗುಲು ಒಣಗಬೇಕು, ಮಗುಚಿ ಹಾಕಿದ ಮೇಲೆ ಸಂಜೆಯೊಳಗೆ ಇನ್ನೊಂದು ಮಗ್ಗುಲು ಒಣಗಬೇಕು. ನಮ್ಮತ್ತೆಯ ಕಾಲದಿಂದ ನಡೆದು ಬಂದ ಕ್ರಮ ಅದು. ಆ ವರ್ಷ ಮಗುಚಿ ಹಾಕಿ ಕೈ ತೊಳೆಯುವಷ್ಟರಲ್ಲಿ ಬೆಳಕು ಮಂಕಾಗುತ್ತಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಸೂರ್ಯ ನಮ್ಮ ಮನೆಗಳನ್ನು ದಾಟಿ ಹೊಳೆಯ ಕಡೆಗೆ ಸರಿದು ಆಚೆ ದಡದ ಮೇಲೆ ನಿಂತುಬಿಡುತ್ತಿದ್ದ. ನಾವು ದೀಪ ಹಚ್ಚಿಕೊಂಡು ಕೂತಾಗ ಅವರ ತಗಡಿನ ಸೂರುಗಳು ಇನ್ನೂ ಥಳಥಳ ಹೊಳೆಯುತ್ತಿದ್ದವು.

ಜನ ಎಲ್ಲಕ್ಕೂ ಹೊಂದಿಕೊಳ್ಳುತ್ತಾರೆ. ಶಾಲೆಯವರು ಮಧ್ಯಾಹ್ನದ ಪಾಠ ಬಿಟ್ಟುಬಿಟ್ಟರು. ಹೂವಿನವಳು ಮಲ್ಲಿಗೆಯನ್ನು ಊಟಕ್ಕೆ ಮುಂಚೆಯೇ ತಂದಳು, ಯಾಕೆಂದರೆ ತಡವಾದರೆ ಬುಟ್ಟಿಯಲ್ಲೇ ಅರಳಿ ಹೋಗುತ್ತಿತ್ತು. ಕೋಳಿಗಳು ಅರೆಹೊಟ್ಟೆಯಲ್ಲೇ ಗೂಡು ಸೇರಿದವು. ನಾವು ಹೆಂಗಸರು ಅಕ್ಕಿಯಲ್ಲಿ ಕಲ್ಲು ಆರಿಸುವ, ಸೊಪ್ಪು ಸೋಸುವ ಕೆಲಸಗಳನ್ನು ಬೆಳಗಿಗೆ ತಂದುಕೊಂಡೆವು. ಬೆಳ್ಳುಳ್ಳಿ ಸುಲಿಯುವುದು, ಹಿಟ್ಟು ನಾದುವುದು, ಇಂಥ ಕಣ್ಣು ಬೇಡದ ಕೆಲಸಗಳನ್ನು ಕತ್ತಲೆಗೆ ಬಿಟ್ಟೆವು. ನಾನೂ ಎಲ್ಲರಂತೆ ಇದ್ದುಬಿಡುತ್ತಿದ್ದೆನೇನೋ. ಆದರೆ ನನಗೆ ವಾರಿಜ ಇದ್ದಳು.

ವಾರಿಜ ನನ್ನ ಮಗಳು. ಮೂರು ತುಂಬುತ್ತ ಬಂದರೂ ಗೋಡೆ ಬಿಟ್ಟು ನಡೆಯುತ್ತಿರಲಿಲ್ಲ. ನಿಲ್ಲಿಸಿದರೆ ಮಂಡಿಯಿಂದ ಕೆಳಗೆ ಎರಡು ಕಾಲೂ ಹೊರಕ್ಕೆ ಬಾಗುತ್ತಿದ್ದವು. ನಡುವೆ ಒಂದು ತಂಬಿಗೆ ತೂರಿಸಬಹುದಿತ್ತು. ಡಾಕ್ಟರಮ್ಮ ಅವಳ ಕಾಲನ್ನು ಹಿಡಿದು ನೋಡಿ, "ಎಲುಬು ಮೆತ್ತಗಿದೆ ಕಣಮ್ಮ. ಔಷಧಿ ಬರ್ಕೊಡ್ತೀನಿ, ಆದರೆ ಬಿಸಿಲಿಲ್ದೆ ಅದೊಂದೇ ಸಾಕಾಗಲ್ಲ. ದಿನಾ ಚೆನ್ನಾಗಿ ಬಿಸಿಲಲ್ಲಿ ಆಡಿಸು. ಎಳೇದಿದ್ದಾಗ ನೆಟ್ಟಗಾದ್ರೆ ಆಯ್ತು. ಬಲಿತ ಮೇಲೆ ಬಾಗಿದ್ದು ಬಾಗಿದ್ದೇ," ಎಂದರು.

ನಮ್ಮ ಗಲ್ಲಿ ಕಿರಿದು, ಮನೆಗಳು ಒಂದಕ್ಕೊಂದು ಆತುಕೊಂಡಿವೆ. ಬಿಸಿಲೆಂದರೆ ಮಾಳಿಗೆಯೊಂದೇ. ಆ ಮಾಳಿಗೆಯ ತುಂಬ ಹಪ್ಪಳದ ಚಾಪೆ. ಚಾಪೆ ಸರಿಸಿ ಮಗಳನ್ನು ಕೂರಿಸಿದರೆ ಆ ದಿನದ ಹಪ್ಪಳ ಹಸಿಯಾಗಿಯೇ ಉಳಿದು ಮರುದಿನ ಹುಳಿ ವಾಸನೆ ಬರುತ್ತಿತ್ತು. ಹಪ್ಪಳ ಹರವಿದರೆ ಮಗಳಿಗೆ ಮೆಟ್ಟಿಲ ಮೇಲಿನ ಒಂದು ಪಟ್ಟಿ ಬೆಳಕು. ಆ ಪಟ್ಟಿ ಸರಿದಂತೆಲ್ಲ ನಾನು ಅವಳನ್ನು ಎತ್ತಿ ಎತ್ತಿ ಸರಿಸುತ್ತಿದ್ದೆ. ಒಲೆಯ ಮೇಲೆ ಅನ್ನ ಸೀಯುತ್ತಿತ್ತು. ದಿನ ಕಳೆದಂತೆ ಪಟ್ಟಿ ಇನ್ನೂ ಬೇಗ ಗೋಡೆ ಹತ್ತಿ ಮಾಯವಾಗುತ್ತಿತ್ತು.

ಇದಕ್ಕೆ ಮುಂಚೆ ಹೇಗಿತ್ತೆಂದು ಹೇಳಬೇಕು. ಹೊಳೆಯಾಚೆಯದು ಬೇರೆ ದೇಶ. ಅವರ ನಾಣ್ಯ ಬೇರೆ, ನಮ್ಮ ನಾಣ್ಯ ಬೇರೆ ಇತ್ತು. ನನ್ನ ಗಂಡ ಕೆಂಪರಾಜು ಸೇತುವೆಯ ನಡುವೆ ಒಂದು ಗೂಡಂಗಡಿಯಲ್ಲಿ ಕೂತು ನಾಣ್ಯ ಬದಲಿಸಿಕೊಡುತ್ತಿದ್ದರು. ಅವರ ಒಂದಕ್ಕೆ ನಮ್ಮವು ಎಷ್ಟು ಎಂದು ಬೆಳಿಗ್ಗೆ ಎದ್ದು ಸುಣ್ಣದ ಕಡ್ಡಿಯಲ್ಲಿ ಹಲಗೆಯ ಮೇಲೆ ಬರೆಯುವುದೇ ಅವರ ದೊಡ್ಡ ಕೆಲಸ. ನಮ್ಮೂರಿನವರು ಆಚೆಯ ಪಾತ್ರೆ, ಬಟ್ಟೆಗಳನ್ನು ಆಸೆಬಿದ್ದು ಕೊಂಡ ತಿಂಗಳು ಅವರ ನಾಣ್ಯಕ್ಕೆ ನೂಕುನುಗ್ಗಲಾಗಿ ನಮ್ಮದು ಇಳಿಯುತ್ತಿತ್ತು. ಇಳಿದ ಕೂಡಲೇ ಅವರ ಪಾತ್ರೆ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ನಮ್ಮ ಹಪ್ಪಳ ಅವರಿಗೆ ಅಗ್ಗವಾಗಿ ಕಾಣುತ್ತಿತ್ತು, ಚೀಲ ಹಿಡಿದು ಬರುತ್ತಿದ್ದರು. ಸ್ವಲ್ಪ ದಿನದಲ್ಲಿ ಎಲ್ಲ ಸಮಕ್ಕೆ ಬರುತ್ತಿತ್ತು. ಆಗ ಇದು ಯಾರಿಗೂ ದೊಡ್ಡದೆನಿಸಿರಲಿಲ್ಲ. ಹಲಗೆ ನೋಡಿ ಬೈದುಕೊಂಡು ಹೋಗುತ್ತಿದ್ದರು, ಅಷ್ಟೆ.

ಆಮೇಲೆ ಎರಡೂ ಕಡೆಯ ದೊಡ್ಡವರು ಕೂತು ಒಂದೇ ನಾಣ್ಯ ಮಾಡಿದರು. ಸೇತುವೆಯ ಮೇಲೆ ಪಾಯಸ ಹಂಚಿದರು. ಗೂಡಂಗಡಿ ಮುಚ್ಚಿತು. ನಮ್ಮವರು ಹಲಗೆಯನ್ನು ಮನೆಗೆ ತಂದು ನೀರಿನ ಹಂಡೆಗೆ ಮುಚ್ಚಳ ಮಾಡಿದರು. ಒಂದೇ ನಾಣ್ಯವಾದ್ದರಿಂದ ಆಚೆಯ ಅಂಗಡಿಯವರಿಗೆ ನಮ್ಮ ಮೇಲೆ ನಂಬಿಕೆ ಬಂದು, ಕಂತಿನ ಮೇಲೆ ಮಿಕ್ಸಿ, ಸೈಕಲ್ಲು, ಸ್ಟೀಲ್ ಡಬ್ಬಗಳ ಸಾಲು, ಕೇಳಿದ್ದೆಲ್ಲ ಕೊಟ್ಟರು. ನಾವು ತಂದೆವು. ಚೆನ್ನಾಗಿಯೇ ಇತ್ತು. ಸಂಜೆ ಬೇಗ ಬರತೊಡಗಿದ್ದು ಆಮೇಲೆ.

"ಆಗ ಹಲಗೆ ಮೇಲೆ ನಾಣ್ಯ ಇಳೀತಿತ್ತು, ಈಗ ಹೊತ್ತು ಇಳೀತದೆ," ಎಂದರು ನಮ್ಮವರು ಒಂದು ದಿನ, ದೀಪದ ಬತ್ತಿ ಹೊಸೆಯುತ್ತ. "ಎಲ್ಲಾದ್ರೂ ಒಂದು ಕಡೆ ಇಳೀಲೇಬೇಕಲ್ಲ."

"ಹಂಗಾದ್ರೆ ಹಳೇ ನಾಣ್ಯಾನೇ ತರಲಿ," ಎಂದಳು ತಿಮ್ಮಾಜಮ್ಮ. ಹಪ್ಪಳದ ಸಂಘಕ್ಕೆ ಅವಳೇ ಯಜಮಾನಿ.

"ತರಬಹುದು. ನಿನ್ನ ಮಿಕ್ಸಿ ಕಂತು ಹೊಸ ನಾಣ್ಯದಲ್ಲೇ ಕಟ್ಬೇಕು. ಹಳೇದು ಇಳಿದ್ರೆ ಒಂದು ಮಿಕ್ಸಿಗೆ ಮೂರು ಮಿಕ್ಸಿ ದುಡ್ಡು ಕಟ್ತೀಯಾ?"

ತಿಮ್ಮಾಜಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಬದಲಿಗೆ ಸಂಘದವರನ್ನೆಲ್ಲ ಸೇರಿಸಿ ಒಂದು ಉಪಾಯ ಹೇಳಿದಳು. "ತೆಳ್ಳಗೆ ಒತ್ತಿ ಕಣ್ರೇ. ಸೀರೆ ಬೇಗ ಒಣಗ್ತದೋ ಕಂಬಳಿ ಬೇಗ ಒಣಗ್ತದೋ? ತೆಳ್ಳಗಿದ್ರೆ ಇಷ್ಟು ಬಿಸಿಲೇ ಸಾಕು."

ಎಲ್ಲರಿಗೂ ಸರಿಯೆನಿಸಿತು. ನನಗಂತೂ ತುಂಬ ಸರಿಯೆನಿಸಿತು, ಬೇಗ ಒಣಗಿದರೆ ಉಳಿದ ಬಿಸಿಲು ವಾರಿಜಳಿಗೆ ಸಿಗುತ್ತದಲ್ಲ. ಕೈಯಲ್ಲಿ ಹಿಡಿದರೆ ಹಿಂದಿನ ಬೆರಳು ಕಾಣುವಂತೆ ಒತ್ತಿದೆವು. ಮಾಳಿಗೆಯ ಮೇಲೆ ಬೇಗನೇ ಒಣಗಿದವು ನಿಜ. ನಮ್ಮವರು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಸೇತುವೆಯ ಹಲಗೆಗಳ ಮೇಲೆ ಗಡಗಡ ಹೊಡೆದುಕೊಂಡು ಹೋದರು. ಹೋದ ಹಾಗೆಯೇ ತಿರುಗಿ ಬಂದರು.

"ಏನಾಯ್ತು?"

"ಇಷ್ಟು ದಪ್ಪ ಅವಲಕ್ಕಿ ನಮ್ಮಲ್ಲಿ ತಿನ್ನಲ್ಲ ಅಂದ್ರು," ಎಂದು ಚೀಲ ಬಿಚ್ಚಿದರು. ಒಳಗೆ ಒಂದೂ ಇಡೀ ಹಪ್ಪಳವಿರಲಿಲ್ಲ.

ನನಗೆ ನಗು ಬಂದು, ನಗುವಿನ ಹಿಂದೆಯೇ ಅಳು ಬಂತು. ಮಾರನೆಯ ದಿನದಿಂದ ಹಗಲು ಇನ್ನಷ್ಟು ಗಿಡ್ಡವಾಯಿತು.

ಆಮೇಲೆ ಬೆಲೆ ಇಳಿಸಿ ನೋಡಿದೆವು. ಹಿಂದೆ ನಾಣ್ಯ ಇಳಿದಾಗ ಊರಿಗೆ ಊರೇ ಒಟ್ಟಿಗೆ ಇಳಿಯುತ್ತಿತ್ತು. ಈಗ ಒಬ್ಬೊಬ್ಬರೇ ಇಳಿಯಬೇಕಾಯಿತು, ಮೊದಲು ಇಳಿದವರಿಗೆ ಏಟು. ನಾವು ಹಪ್ಪಳದ್ದು ಇಳಿಸಿದರೆ ಉದ್ದಿನಬೇಳೆಯವನು ಇಳಿಸಲಿಲ್ಲ. ಅವನು ಗೊಣಗುತ್ತ ಇಳಿಸಿದರೆ ಮನೆ ಬಾಡಿಗೆಯವರು ಇಳಿಸಲಿಲ್ಲ. ಕಂತು ಇಳಿಯುವ ಮಾತೇ ಇರಲಿಲ್ಲ. ಮೊದಲಿಗಿಂತ ಹೆಚ್ಚು ಒತ್ತಿ, ಮೊದಲಿಗಿಂತ ಕಡಿಮೆ ತಂದು, ಕತ್ತಲಲ್ಲಿ ಉಂಡೆವು.

ಬಿಸಿಲು ಇಲ್ಲಿಲ್ಲದಿದ್ದರೆ ಇರುವಲ್ಲಿಗೇ ಹೋಗಬೇಕು. ಹಪ್ಪಳ ಹರವುವುದನ್ನು ನೆರೆಯವಳಿಗೆ ವಹಿಸಿ ನಾನು ವಾರಿಜಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಸೇತುವೆ ದಾಟತೊಡಗಿದೆ. ಆಚೆ ಕಾಶವ್ವ ಎಂಬವರು ನಮ್ಮ ಹಳೆಯ ಗಿರಾಕಿ. ಗಂಡ, ಮೈದುನರು ಸೇರಿ ಪಾತ್ರೆ ತಯಾರಿಸುವ ಮನೆ ಅವರದು. ಅಂಗಳದಲ್ಲಿ ಕೊಳದಪ್ಪಲೆ, ಪರಾತಗಳು ಆಳೆತ್ತರ ಪೇರಿಸಿದ್ದವು. ಬಿಸಿಲು ಅವುಗಳ ಮೇಲೆ ಬಿದ್ದು ನೋಡಲಾಗುತ್ತಿರಲಿಲ್ಲ.

"ಬರ್ರಿ ಇಂದ್ರವ್ವ, ಕೂಸನ್ನ ಕಟ್ಟಿ ಮ್ಯಾಲ ಹಾಕ್ರಿ," ಎನ್ನುತ್ತಿದ್ದರು. ನನ್ನ ಹೆಸರು ಇಂದ್ರಾಣಿ. ಅವರ ಕಣ್ಣು ಕೆಂಡದಂತೆ ಕೆಂಪಗಿತ್ತು. ಅಲ್ಲಿ ಎಲ್ಲರ ಕಣ್ಣೂ ಹಾಗೆಯೇ.

"ನಿದ್ದೆ ಆಗಿಲ್ವಾ?"

"ಎಲ್ಲಿ ನಿದ್ದಿರೀ? ಹೊತ್ತ ಮುಣಗವಲ್ದು. ಕಿಡಕಿಗೆ ಕೌದಿ ಕಟ್ಟಿದ್ವಿ, ತಗಡಿನ ಸಂದ್ಯಾಗ ಹಾದ ಬೆಳಕ ಬರ್ತೈತಿ. ಮಕ್ಕೊಂಡ್ರ ಕಣ್ಣೊಳಗ ಚುಚ್ಚತೈತಿ. ಬೆಳಕ ಇದ್ದಾಗ ಸುಮ್ನ ಕುಂಡ್ರೂದ ಹ್ಯಾಂಗ, ಅದಕ್ಕ ಕೆಲಸಾ ಮಾಡೂದು. ಮಾಡಿದ್ದ ಒಯ್ಯಾಕ ನಿಮ್ಮೂರವ್ರ ಈಗ ಬರವಲ್ರು."

"ನಮ್ಮ ಹತ್ರ ಎಲ್ಲಿದೆ ಕಾಶವ್ವ. ನೀವಾದ್ರೂ ಕೈ ಬಿಚ್ಚಿ ಏನಾದ್ರೂ ಕೊಳ್ಳಬಾರ್ದಾ?"

"ನಮ್ಮ ಮಂದಿ ಸುಮ್ಸುಮ್ನ ರೊಕ್ಕಾ ಬಿಚ್ಚೂದಿಲ್ಲರಿ," ಎಂದರು, ಹೆಮ್ಮೆಯಿಂದಲೇ. "ಬೇಕಾಗಿದ್ದ ಅಷ್ಟ ಕೊಳ್ತೀವಿ. ನಮಗೇನೂ ಬೇಕಾಗೂದೇ ಇಲ್ಲ."

ಹೋಗಿ ಬರುವುದರಲ್ಲೇ ನನ್ನ ಹಗಲು ಮುಗಿಯುತ್ತಿತ್ತು. ಹಪ್ಪಳ ಅರ್ಧಕ್ಕಿಳಿಯಿತು. ಸೊಂಟ ಹಿಡಿದುಕೊಂಡಿತು. ಕಾಶವ್ವನೇ ಒಂದು ದಿನ ವಾರಿಜಳ ಕಾಲಿಗೆ ಎಣ್ಣೆ ತಿಕ್ಕುತ್ತ ಹೇಳಿದರು: "ಸಿಟ್ಟ ಮಾಡ್ಕೋಬ್ಯಾಡ್ರಿ. ಕೂಸನ್ನ ಒಂದ ವರ್ಷ ನನ್ನ ಹಂತ್ಯಾಕ ಬಿಡ್ರಿ. ಬಿಸಲಾಗ ಇದ್ರ ಕಾಲ ನೆಟ್ಟಗ ಆಗ್ತಾವ. ನನ್ನ ಮೊಮ್ಮಗಳ ಗತೆ ನೋಡ್ಕೋತೀನಿ."

ನಮ್ಮ ಬೀದಿಯಲ್ಲಿ ಆಗಲೇ ಹಲವರು ಮಕ್ಕಳನ್ನು ಆಚೆ ಬಿಟ್ಟಿದ್ದರು. ಹಾಗೆ ಬಿಟ್ಟ ಮಕ್ಕಳು ಹಬ್ಬಕ್ಕೆ ಬಂದಾಗ ಕತ್ತಲೆಗೆ ಹೆದರಿ ಅಳುತ್ತಿದ್ದವು, ನಮ್ಮ ಮಾತು ಬಿಟ್ಟು ಆಚೆಯ ಮಾತು ಆಡುತ್ತಿದ್ದವು, ಊಟವಾದ ಮೇಲೆ "ಮನೆಗೆ ಹೋಗೋಣ" ಎನ್ನುತ್ತಿದ್ದವು. ಅವರ ತಾಯಂದಿರ ಮುಖ ನಾನು ನೋಡಿದ್ದೆ.

"ಕಾಲು ಬಾಗಿದ್ದೇ ಉಳಿದ್ರೆ ನಾಳೆ ನಮ್ಮನ್ನೇ ಕೇಳ್ತಾಳೆ ಕಣೇ," ಎಂದರು ನಮ್ಮವರು.

"ಬಿಟ್ಟುಬಂದ್ರೂ ಕೇಳ್ತಾಳೆ," ಎಂದೆ.

ಕೊನೆಗೆ ಕಳಿಸುವುದೆಂದೇ ಆಯಿತು. ಅವಳ ಲಂಗ, ಕುಲಾವಿ, ಹಾಲಿನ ಲೋಟಗಳನ್ನು ನಾನೇ ಚೀಲಕ್ಕೆ ತುಂಬಿದೆ. ಲೋಟವನ್ನು ತೆಗೆದೆ, ಮತ್ತೆ ತುಂಬಿದೆ.

ತಾಯಿಯೇ ಬಿಟ್ಟುಹೋದಳೆಂದು ಮಗುವಿನ ಮನಸ್ಸಿಗೆ ಬರಬಾರದೆಂದು ಕಾಶವ್ವ ತಾವೇ ಕರೆದೊಯ್ಯಲು ಬಂದರು. ಮಧ್ಯಾಹ್ನದ ಊಟದ ಹೊತ್ತು. ನಮ್ಮಲ್ಲಿ ಆಗಲೇ ದೀಪ ಹಚ್ಚಿಯಾಗಿತ್ತು. ಚಾಪೆ ಹಾಕಿ ಕೂರಿಸಿದೆ. ನಾನು ವಾರಿಜಳ ತಲೆ ಬಾಚುತ್ತಿದ್ದೆ. ಬಾಚಿದ್ದನ್ನೇ ಬಾಚುತ್ತಿದ್ದೆ. ಕಾಶವ್ವ, "ಬೆಳಿಗ್ಗೆ ಹಾಲ ಕುಡದ ಮ್ಯಾಲ ಆಕಿಗೆ ಏನ" ಎಂದವರು ಅಲ್ಲಿಗೇ ನಿಂತರು. ತಿರುಗಿ ನೋಡಿದರೆ ಗೋಡೆಗೆ ಒರಗಿದಲ್ಲೇ ನಿದ್ದೆ ಹೋಗಿದ್ದರು. ಮೆಲ್ಲಗೆ ಜಾರಿಸಿ ತಲೆಯ ಕೆಳಗೆ ನನ್ನ ಸೀರೆ ಮಡಿಸಿ ಇಟ್ಟೆ. ಎಬ್ಬಿಸುವ ಮನಸ್ಸಾಗಲಿಲ್ಲ. ಎಬ್ಬಿಸಿದರೆ ಮಗಳು ಹೋಗುತ್ತಾಳೆಂಬುದೂ ಇತ್ತು. ಪಾತ್ರೆಯ ಸದ್ದಾಗದಂತೆ ಓಡಾಡಿದೆ. ಅವರು ಎದ್ದದ್ದು ಮರುದಿನ ಬೆಳಿಗ್ಗೆ ಕಾಗೆ ಕೂಗಿದ ಮೇಲೆ.

ಎದ್ದು ಕಣ್ಣು ಉಜ್ಜಿಕೊಂಡು ಸ್ವಲ್ಪ ಹೊತ್ತು ತಾವೆಲ್ಲಿದ್ದೇವೆಂದು ನೋಡಿದರು. ಕಣ್ಣು ತಿಳಿಯಾಗಿತ್ತು. "ಎಷ್ಟ ದಿನದ ಮ್ಯಾಲ ಹಿಂಗ ಮಕ್ಕೊಂಡ್ನೋ," ಎಂದು ಸೊಂಟದ ಸಂಚಿಗೆ ಕೈ ಹಾಕಿದರು. "ಏನ ಕೊಡ್ಲಿ?"

"ಅಯ್ಯೋ, ಏನ್ ಮಾತಾಡ್ತೀರ ಕಾಶವ್ವ," ಎಂದೆ. ನಮ್ಮೂರಿನಲ್ಲಿ ಮನೆಯಲ್ಲಿ ಮಲಗಿ ಎದ್ದವರ ಕೈಯಿಂದ ದುಡ್ಡು ಮುಟ್ಟುವುದಿಲ್ಲ. ತಿಂಡಿಗೆ ತೆಗೆದುಕೊಳ್ಳಬಹುದು, ನೀರಿಗೂ ತೆಗೆದುಕೊಂಡವರಿದ್ದಾರೆ. ನಿದ್ದೆಗೆ ಮಾತ್ರ ಇಲ್ಲ. ಸತ್ತರೂ ಇಲ್ಲ.

"ಕೂಸನ್ನ ಇನ್ನೊಂದ ವಾರ ಬಿಟ್ಟ ಒಯ್ತೀನಿ," ಎಂದು ಹೋದರು. ಇನ್ನೆರಡು ಸಲ ಬಂದು ಮಲಗಿ, ಮಗಳನ್ನು ಒಯ್ಯುವ ಮಾತೆತ್ತದೆ ಹೋದರು. ಆಮೇಲೆ ಬರಲಿಲ್ಲ. ಅವರ ವಾರಗಿತ್ತಿಯೂ ಬರುತ್ತೇನೆಂದವರು ಬರಲಿಲ್ಲ. ಬೆಳಕಿನ ಪಟ್ಟಿ ಮೆಟ್ಟಿಲಿಗೂ ಬರುವುದನ್ನು ಬಿಟ್ಟಿತು.

"ಅವರು ಪುಕ್ಕಟೆ ಮಲಗಿದ್ರೆ ಆಚೆ ದುಡ್ಡು ಆಚೆನೇ ಕೂತಿರ್ತದೆ, ಬಿಸಿಲೂ ಅದರ ಜೊತೆಗೇ," ಎಂದರು ನಮ್ಮವರು, ನನ್ನ ಮುಖ ನೋಡದೆ. "ನಮ್ಮ ಹತ್ರ ಇರೋದೇ ಈಗ ಕತ್ತಲು. ಅವರಿಗೆ ಇಲ್ದೇ ಇರೋದೂ ಅದೇ."

"ನಿಮ್ಮಮ್ಮ ಇದ್ದಿದ್ರೆ ಈ ಮಾತಿಗೆ ಒನಕೆ ತಗೊಳ್ತಿದ್ರು."

"ತಗೊಳ್ತಿದ್ಲು. ನಿಜ."

ಆ ದಿನ ವಾರಿಜಳಿಗೆ ಎಣ್ಣೆ ತಿಕ್ಕುವಾಗ ಅವಳ ಮೊಣಕಾಲು ನನ್ನ ಅಂಗೈಯಲ್ಲಿತ್ತು. ಎಲುಬು ಹಸಿ ಕಬ್ಬಿನ ತುದಿಯಷ್ಟೇ ಗಟ್ಟಿ ಎನಿಸಿತು. ಅವಳು ನಗುತ್ತಿದ್ದಳು. ನಾನು ಒಲೆ ಆರಿಸಿ, ಅವಳನ್ನೆತ್ತಿಕೊಂಡು ಹೊರಟೆ.

ಸೇತುವೆಯುದ್ದಕ್ಕೂ ಹೇಗೆ ಕೇಳುವುದೆಂದು ಮಾತು ಜೋಡಿಸಿದೆ. ಕಾಶವ್ವನ ಮುಂದೆ ನಿಂತಾಗ ಒಂದೂ ನೆನಪಾಗಲಿಲ್ಲ. "ಮಲಗೋಕೆ ಬನ್ನಿ. ದುಡ್ಡು ಕೊಡಿ," ಎಂದುಬಿಟ್ಟೆ. ನನ್ನತ್ತೆಯೂ ಆ ಅತ್ತೆಯ ಅತ್ತೆಯೂ ಬೆನ್ನ ಹಿಂದೆ ನಿಂತು ಕೇಳುತ್ತಿದ್ದಾರೆನಿಸಿತು.

ಕಾಶವ್ವ ಕೈಯಲ್ಲಿದ್ದ ಪರಾತ ಕೆಳಗಿಟ್ಟರು. "ಇದನ್ನ ಮೊದಲ ಹೇಳಬಾರ್ದೇನ್ರಿ? ಪುಕ್ಕಟೆ ಮಕ್ಕೊಳ್ಳಾಕ ನಾಚಿಕಿ ಬಂದು ನಾ ಬಿಟ್ಟೆ. ನಮ್ಮ ಓಣಿ ಅಷ್ಟೂ ಮಂದಿ ಕೇಳಾಕತ್ತಾರ, ಪುಕ್ಕಟೆ ಅಂದ್ರ ಒಬ್ರೂ ಕಾಲ ಕಿತ್ತ ಇಡವಲ್ರು." ಆಮೇಲೆ ಒಮ್ಮೆಲೇ ಕಣ್ಣು ಸಣ್ಣದು ಮಾಡಿದರು. "ಎಷ್ಟ ತಗೋತೀರಿ?"

ಹೇಳಿದೆ.

"ಭಾಳ ಆತು. ಚಾಪಿ ನಾವ ತರ್ತೀವಿ."

"ಚಾಪೆ ತಂದ್ರೂ ಅಷ್ಟೇ. ಕತ್ತಲು ನಮ್ದು."

"ಗೊರಕಿ ಹೊಡದ್ರ ಬ್ಯಾರೆ ರೊಕ್ಕಾ ಏನು?"

"ಅದಕ್ಕೆ ನೀವೇ ಪಕ್ಕದವರಿಗೆ ಕೊಡಬೇಕು."

ಅವರು ಜೋರಾಗಿ ನಕ್ಕರು. ನಾನು ನಗಲಿಲ್ಲ.

ಹೀಗೆ ಆಚೆಯವರು ಬರತೊಡಗಿದರು. ಊಟ ಮಾಡಿದ ಕೂಡಲೇ ಚಾಪೆ ಕಂಕುಳಲ್ಲಿಟ್ಟುಕೊಂಡು ಸೇತುವೆಯ ಮೇಲೆ ಸಾಲಾಗಿ ಬರುತ್ತಿದ್ದರು, ಬಿಸಿಲಿನಿಂದ ಕತ್ತಲೆಗೆ ಇಳಿಯುತ್ತ, ಕೊನೆಯ ಹೆಜ್ಜೆಗಳನ್ನು ತಡವರಿಸುತ್ತ. ಮೊದಲು ನಮ್ಮ ಮನೆ, ಆಮೇಲೆ ಇಡೀ ಬೀದಿ. ಎರಡು ದಿನ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ ತಿಮ್ಮಾಜಮ್ಮ ಮೂರನೆಯ ದಿನ ತನ್ನ ನಡುಮನೆ ಖಾಲಿ ಮಾಡಿ, "ಕೆಮ್ಮೋರು ಇಂದ್ರಕ್ಕನ ಮನೆಗೆ ಹೋಗಿ, ಇಲ್ಲಿ ಸದ್ದಿಲ್ಲದೋರಿಗೆ ಮಾತ್ರ," ಎಂದು ಬಾಗಿಲಲ್ಲಿ ನಿಂತಳು. ಎದ್ದವರಿಗೆ ಹಸಿವಾಗುತ್ತಿತ್ತು. ಸಾರಿನ ಜೊತೆ ಹಪ್ಪಳ ಸುಟ್ಟು ಹಾಕಿದೆವು, ಅದಕ್ಕೂ ದುಡ್ಡು. ಹೋಗುವಾಗ ಮನೆಗೊಂದು ಕಟ್ಟು ಒಯ್ದರು. ನಾವು ಮತ್ತೆ ದಪ್ಪಗೆ ಒತ್ತತೊಡಗಿದೆವು. ಏನೂ ಬೇಕಾಗದ ಜನಕ್ಕೆ ಒಂದು ಬೇಕಾಗಿತ್ತು, ಅದು ನಮ್ಮಲ್ಲಿ ಬೇಡವೆನ್ನುವಷ್ಟು ಬಿದ್ದಿತ್ತು.

ಬೆಳಕು ಒಮ್ಮೆಲೇ ಬರಲಿಲ್ಲ. ಒಂದು ದಿನ ಮೆಟ್ಟಿಲಿಗೆ ಬಂತು. ಕೆಲವು ದಿನ ಅಲ್ಲೇ ನಿಂತಿತ್ತು. ನಾನು ಗೋಡೆಯ ಮೇಲೆ ಬೆರಳಿಟ್ಟು ನೋಡುತ್ತಿದ್ದೆ, ಸರಿಯಿತೋ ಇಲ್ಲವೋ ಎಂದು. ಯಾರಾದರೂ ಒಬ್ಬರು ಬರದಿದ್ದರೆ ಜೀವ ಹಾರುತ್ತಿತ್ತು. ಆಮೇಲೆ ಮಾಳಿಗೆಯ ಅಂಚಿಗೆ, ಆಮೇಲೆ ಚಾಪೆಗಳ ನಡುವಿಗೆ. ಹಪ್ಪಳ ಮಗುಚಿ ಹಾಕಿ ಕೈ ತೊಳೆದು ಬಂದರೂ ಇನ್ನೂ ಬೆಳಕು ಉಳಿದಿರುತ್ತಿತ್ತು. ಚಾಪೆಗಳ ಪಕ್ಕದಲ್ಲೇ ವಾರಿಜಳಿಗೂ ಜಾಗ ಮಾಡಿದೆ. ತುಂಬಿಟ್ಟ ಚೀಲವನ್ನು ಬಿಚ್ಚಲು ಮಾತ್ರ ಧೈರ್ಯ ಬರಲಿಲ್ಲ. ಅವಳ ಲಂಗವನ್ನು ದಿನಾ ಅದರೊಳಗಿನಿಂದಲೇ ತೆಗೆದು, ಒಗೆದು, ಒಣಗಿಸಿ, ಮತ್ತೆ ಅದರೊಳಗೇ ಇಡುತ್ತಿದ್ದೆ.

ಹೊತ್ತು ಬೆಳೆದಂತೆ ಹೊಸ ಹೆದರಿಕೆ ಶುರುವಾಯಿತು. ಕತ್ತಲು ತಡವಾಗಿ ಬಂದರೆ ಮಲಗಲು ಬರುವವರು ಯಾರು? ತಿಮ್ಮಾಜಮ್ಮ ಕಿಟಕಿಗಳಿಗೆ ಕಂಬಳಿ ಬಿಗಿದು ಕತ್ತಲು ಹಿಡಿದಿಟ್ಟುಕೊಳ್ಳಲು ನೋಡಿದಳು. ಒಳಗೆ ಸೆಕೆಯಾಗಿ ಮಲಗಿದವರು ಬೈದುಕೊಂಡು ಎದ್ದು ಹೋದರು. ಆಚೆಯೂ ಹೊತ್ತು ಸ್ವಲ್ಪ ಸ್ವಲ್ಪವೇ ಮುಳುಗತೊಡಗಿತ್ತು. ಬರುವವರ ಸಾಲು ತೆಳ್ಳಗಾಯಿತು. ಬಂದವರೂ ಅರೆನಿದ್ದೆ ಮುಗಿಸಿ ಹೊರಡುತ್ತಿದ್ದರು.

ಮೊನ್ನೆ ಕಾಶವ್ವ ಬಂದಾಗ ಬಿಸಿಲು ಇನ್ನೂ ಮಾಳಿಗೆಯ ಮೇಲಿತ್ತು. ಚಾಪೆ ತಂದಿರಲಿಲ್ಲ. ಮೆಟ್ಟಿಲು ಹತ್ತಿ ಮೇಲೆ ಬಂದು ನನ್ನ ಪಕ್ಕ ಕೂತರು. ವಾರಿಜ ಗೋಡೆ ಹಿಡಿದು ನಿಂತಿದ್ದಳು. ಗೋಡೆ ಬಿಟ್ಟಳು. ಕಾಲು ಇನ್ನೂ ಬಾಗಿತ್ತು, ಮೊದಲಿನಷ್ಟಿಲ್ಲ. ಒಂದು ಹೆಜ್ಜೆ, ಇನ್ನೊಂದು, ಆಮೇಲೆ ನಿಂತು ತಾನೇನು ಮಾಡಿದೆನೆಂದು ನಮ್ಮನ್ನು ನೋಡಿದಳು. ನಾನು ಎದ್ದು ಹಿಡಿಯಲಿಲ್ಲ.

"ಈಗ ನಮ್ಮಲ್ಲೂ ನಿದ್ದಿ ಹತ್ತಾಕತ್ತೈತಿ," ಎಂದರು ಕಾಶವ್ವ ಮೆಲ್ಲಗೆ. "ಇನ್ನ ಮಕ್ಕೊಳ್ಳಾಕ ಬರೂದು ಬ್ಯಾಡ ಅನ್ನಸ್ತೈತಿ. ಆದ್ರ ನಿಮ್ಮ ಸಂಗಾಟ ನಾಕ ಮಾತ ಆಡಿ, ಎರಡ ಹಪ್ಪಳಾ ತಿಂದ ಹೋಗೂದು ರೂಢಿ ಆಗೇತಿ. ಅದಕ್ಕೂ ರೊಕ್ಕಾ ತಗೋತೀರೇನು?"

ಅವರು ತಮಾಷೆಗೆ ಕೇಳಿದರು. ವಾರಿಜ ಮತ್ತೊಂದು ಹೆಜ್ಜೆ ಇಟ್ಟಿದ್ದಳು. ಬಿಸಿಲು ಅವಳ ಮಂಡಿಯವರೆಗೆ ಬಂದಿತ್ತು.

"ತಗೊಳ್ತೀನಿ," ಎಂದೆ.